ಪಟ್ಟಿ ಕಂಪ್ಯೂಟರಿಗೆ ಏರುವಾಗ ನಮ್ಮ ಹೆಸರು ಎಲ್ಲಿ ತಪ್ಪುತ್ತದೆ?

(ತುಬಚಿಯಲ್ಲಿ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಪುಸ್ತಕ ಬರೆಯುವವರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ಮಾತಾಡಬೇಕಾದ ವಿಷಯ ಕಂಪ್ಯೂಟರ್ ಎಂದ ಕೂಡಲೇ, "ಅದು ಹುಡುಗರ ಕೆಲಸ, ನಮಗ್ಯಾಕ್ರಿ?" ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂತು. ನ್ಯಾಯವಾದ ಪ್ರಶ್ನೆ. ಆದರೆ ಒಂದು ಮಾತು ನೋಡ್ರಿ. ಗೃಹಲಕ್ಷ್ಮಿ ಹಣ, ರೇಷನ್, ಸಂಘದ ಸಾಲ, ಬಡ್ಡಿ ರಿಯಾಯಿತಿ, ಬೆಳೆ ಪರಿಹಾರ, ಇವೆಲ್ಲ ಈಗ ಯಾವುದೋ ಪಟ್ಟಿಯಲ್ಲಿ ನಮ್ಮ ಹೆಸರು ಇದ್ದರೆ ಮಾತ್ರ ಬರುತ್ತವೆ. ಆ ಪಟ್ಟಿ ತಲಾಟಿಯವರ ಕಪಾಟಿನಲ್ಲಿ ಇಲ್ಲ, ಕಂಪ್ಯೂಟರಿನಲ್ಲಿ ಐತಿ. ಅದರೊಳಗೆ ನಮ್ಮ ಹೆಸರು ಹೇಗೆ ಹೋಗುತ್ತದೆ, ಹೋಗುವ ದಾರಿಯಲ್ಲಿ ಎಲ್ಲಿ ಬಿದ್ದುಹೋಗುತ್ತದೆ ಎಂಬುದು ಗೊತ್ತಿಲ್ಲದಿದ್ದರೆ, ಹಣ ಬರಲಿಲ್ಲ ಅಂತ ಆಫೀಸಿನಿಂದ ಆಫೀಸಿಗೆ ಅಲೆಯುವವರು ನಾವೇ.

ನಮ್ಮ ಸಂಘಗಳು ಹುಟ್ಟಿದ್ದು ಪುಸ್ತಕದ ಮೇಲೆ. ಕರ್ನಾಟಕದಲ್ಲಿ 1980ರ ದಶಕದಲ್ಲಿ ಮೈರಾಡ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಆಗೆಲ್ಲ ನಡಾವಳಿ ಪುಸ್ತಕ, ಉಳಿತಾಯ ಪುಸ್ತಕ, ಸಾಲದ ಲೆಡ್ಜರ್, ಇಷ್ಟೇ. 2015ರ ಮಾರ್ಚ್ 15ರಂದು ನಬಾರ್ಡ್ "ಇ-ಶಕ್ತಿ" ಎಂಬ ಕೆಲಸವನ್ನು ಜಾರ್ಖಂಡಿನ ರಾಮಗಢ ಮತ್ತು ಮಹಾರಾಷ್ಟ್ರದ ಧುಲೆ ಜಿಲ್ಲೆಗಳಲ್ಲಿ ಆರಂಭಿಸಿತು. ಸಂಘದ ಪುಸ್ತಕದಲ್ಲಿ ಇದ್ದದ್ದೆಲ್ಲ ಕಂಪ್ಯೂಟರಿಗೆ ಹೋಗಬೇಕು, ಬ್ಯಾಂಕಿನವರು ಕುಂತಲ್ಲೇ ಸಂಘದ ಗುಣಮಟ್ಟ ನೋಡಬೇಕು ಎಂಬುದು ಅದರ ಉದ್ದೇಶ. ಸಂಜೀವಿನಿ ಗುಂಪುಗಳಿಗೆ "ಲೋಕೋಸ್" ಎಂಬ ಆ್ಯಪ್ ಬಂದಿದೆ, ನಿಮ್ಮಲ್ಲಿ ಎಂಬಿಕೆ ಆಗಿ ಕೆಲಸ ಮಾಡುವವರಿಗೆ ಅದು ಗೊತ್ತು.

ಹೀಗೆ ಪುಸ್ತಕ ಕಂಪ್ಯೂಟರಿಗೆ ಹೋಗುವಾಗ ಎರಡು ದಾರಿ ಇವೆ. ಒಂದೊಂದೇ ಹೆಸರನ್ನು ಪರದೆಯ ಮೇಲೆ ತುಂಬುವುದು ಒಂದು. ನೂರಾರು ಹೆಸರನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟುಕೊಂಡು ಒಂದೇ ಸಲಕ್ಕೆ ಏರಿಸುವುದು ಇನ್ನೊಂದು. ಒಕ್ಕೂಟದ ಮಟ್ಟದಲ್ಲಿ, ಬ್ಯಾಂಕಿನ ಮಟ್ಟದಲ್ಲಿ ನಡೆಯುವುದು ಹೆಚ್ಚಾಗಿ ಈ ಎರಡನೆಯದೇ. ಹೆಸರು ತಪ್ಪುವುದೂ ಅಲ್ಲೇ.

ಕಬ್ಬು ಕಡಿಯುವ ನಮ್ಮ ಭಾಗದವರಿಗೆ ಇದನ್ನು ಹೇಳುವುದು ಕಷ್ಟವಲ್ಲ. ಹೊಲದಲ್ಲಿ ಕಬ್ಬು ಕಡಿದು, ಹೊರೆ ಕಟ್ಟಿ, ಟ್ರ್ಯಾಲಿ ತುಂಬಿ ಕಾರ್ಖಾನೆಗೆ ಒಯ್ಯುತ್ತೀವಿ. ಗೇಟಿನಲ್ಲಿ ನೋಡುವವರಿದ್ದಾರೆ, ಕಾಟಾದ ಮೇಲೆ ತೂಕ ಆಗುತ್ತದೆ, ಚೀಟಿ ಕೊಡುತ್ತಾರೆ. ಎಕ್ಸೆಲ್ ಹಾಳೆ ನಮ್ಮ ಟ್ರ್ಯಾಲಿ. ವೆಬ್‌ಸೈಟು ಕಾರ್ಖಾನೆಯ ಗೇಟು. ಒಳಗಿರುವ ಡೇಟಾಬೇಸ್ ಅಂದ್ರ ದೊಡ್ಡ ಲೆಡ್ಜರ್. ಆ ಗೇಟನ್ನು ಕಟ್ಟಲು ಕಂಪ್ಯೂಟರಿನವರು ಸಿದ್ಧ ಚೌಕಟ್ಟುಗಳನ್ನು ಬಳಸುತ್ತಾರೆ. ಅದಕ್ಕೆ ವೆಬ್ ಫ್ರೇಮ್‌ವರ್ಕ್ ಅನ್ನುತ್ತಾರೆ. ಜ್ಯಾಂಗೋ, ಲಾರಾವೆಲ್ ಎಂಬ ಹೆಸರುಗಳನ್ನು ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳು ಕೇಳಿರಬಹುದು.

ಈಗ ಒಬ್ಬರು ಕಬ್ಬನ್ನು ಒಂದೊಂದೇ ಗಳವಾಗಿ ಕಾಟಾಕ್ಕೆ ತಂದರೆ ಏನಾಗುತ್ತದೆ? ಸಂಜೆಯಾದರೂ ಮುಗಿಯುವುದಿಲ್ಲ. ಕಂಪ್ಯೂಟರಿನಲ್ಲೂ ಹಾಗೇ. ಪ್ರೋಗ್ರಾಮ್ ಒಂದೊಂದೇ ಸಾಲನ್ನು ಒಯ್ದು ಡೇಟಾಬೇಸಿಗೆ ಕೊಟ್ಟು ಬಂದರೆ ಸಾವಿರ ಸಾಲಿಗೆ ಸಾವಿರ ತಿರುಗಾಟ. ಇತ್ತ ಗೇಟಿಗೆ ಒಂದು ಗಡಿಯಾರ ಇರುತ್ತದೆ. ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ವೆಬ್‌ಸೈಟುಗಳಲ್ಲಿ, ಬೇರೆ ಏನೂ ಬದಲಾಯಿಸದಿದ್ದರೆ, ಆ ಸಮಯ 30 ಸೆಕೆಂಡು. ಏರಿಸುವ ಫೈಲಿನ ಮಿತಿ 2 ಎಂಬಿ. ಹೊತ್ತು ಮೀರಿದರೆ ಗೇಟು ಮುಚ್ಚುತ್ತದೆ, ಟ್ರ್ಯಾಲಿ ಅರ್ಧ ಒಳಗೆ, ಅರ್ಧ ಹೊರಗೆ. ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದು ನಿಲ್ಲುತ್ತದೆ. ಹುಡುಗ "ಸರ್ವರ್ ಡೌನ್ ಅಕ್ಕಾರ" ಅಂತಾನೆ.

"ಸರ್ವರ್ ಡೌನ್" ಎಂಬ ಮಾತನ್ನು ನಾವು 2023ರ ಜುಲೈ 19ರಿಂದ ಗೃಹಲಕ್ಷ್ಮಿ ನೋಂದಣಿ ಶುರುವಾದ ದಿನಗಳಲ್ಲಿ ಎಷ್ಟು ಕೇಳಿದ್ದೀವೋ ಲೆಕ್ಕವಿಲ್ಲ. ಒಂದು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳು ನೋಂದಾಯಿಸಿದ ಯೋಜನೆ ಅದು, ದಟ್ಟಣೆ ಆಗುವುದು ಸಹಜ. ಆದರೆ ನಮ್ಮ ಸಂಘದ 300 ಹೆಸರಿನ ಪಟ್ಟಿ ಏರದಿದ್ದಾಗಲೂ ಅದೇ ಮಾತು ಹೇಳಿದರೆ ಒಪ್ಪಬೇಕಾಗಿಲ್ಲ. ಅಲ್ಲಿ ಕಾರಣ ಬಹಳ ಸಲ ಸರ್ವರ್ ಅಲ್ಲ, ಹಾಳೆ.

ಗೇಟು ಅರ್ಧಕ್ಕೆ ಮುಚ್ಚಿದಾಗ ಎಲ್ಲರೂ ಮಾಡುವ ಕೆಲಸ, ಮತ್ತೊಮ್ಮೆ ಗುಂಡಿ ಒತ್ತುವುದು. ಅದು ಮಾಡಬ್ಯಾಡ್ರಿ. ಪರದೆ ನಿಂತರೂ ಹಿಂದೆ ಸರ್ವರ್ ಇನ್ನೂ ಕೆಲಸ ಮಾಡುತ್ತಿರಬಹುದು. ಮೊದಲ ಸಲ ಒಳಗೆ ಹೋದ 140 ಹೆಸರು ಅಲ್ಲೇ ಇದ್ದು, ಎರಡನೇ ಸಲ 300 ಹೋದರೆ 140 ಜನರಿಗೆ ಎರಡೆರಡು ಖಾತೆ ಆಗುತ್ತವೆ. ಆಮೇಲೆ ಯಾವುದನ್ನು ಅಳಿಸಬೇಕು? ಒಬ್ಬಳ ಉಳಿತಾಯ ಒಂದರಲ್ಲಿ, ಸಾಲ ಇನ್ನೊಂದರಲ್ಲಿ ಕೂತುಬಿಟ್ಟರೆ ಬಿಡಿಸುವುದು ತಿಂಗಳ ಕೆಲಸ. ಮೊದಲು ಒಳಗೆ ಎಷ್ಟು ಹೋಗಿವೆ ಅಂತ ಎಣಿಸಬೇಕು, ಆಮೇಲೆ ಮುಂದಿನ ಹೆಜ್ಜೆ. ಒಳ್ಳೆಯ ಪ್ರೋಗ್ರಾಮಿನಲ್ಲಿ "ಹೋದರೆ ಪೂರ್ತಿ ಹೋಗಲಿ, ಇಲ್ಲದಿದ್ದರೆ ಪೂರ್ತಿ ವಾಪಸ್ ಬರಲಿ" ಎಂಬ ಏರ್ಪಾಡು ಇರುತ್ತದೆ. ಟ್ರಾನ್ಸಾಕ್ಷನ್ ಅಂತ ಅದರ ಹೆಸರು. ಒಂದು ಸಾಲು ಕೆಟ್ಟರೆ ಇಡೀ ಪಟ್ಟಿ ವಾಪಸ್ ಬಂತು ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ನಮಗೆ ಕೇಳಿದರೆ ಅರ್ಧಂಬರ್ಧ ಒಳಗೆ ಹೋಗುವುದಕ್ಕಿಂತ ಪೂರ್ತಿ ವಾಪಸ್ ಬರುವುದೇ ವಾಸಿ.

ಕಂಪ್ಯೂಟರ್ ಕಲಿತ ಹೆಣ್ಣುಮಕ್ಕಳು ಇಲ್ಲಿ ನಾಲ್ಕು ಜನ ಕೂತಿದ್ದೀರಿ, ನಿಮಗಾಗಿ ಒಂದು ಮಾತು. ಜ್ಯಾಂಗೋದಲ್ಲಿ ನೂರಾರು ಸಾಲನ್ನು ಒಟ್ಟಿಗೆ ಏರಿಸಲು "ಬಲ್ಕ್ ಕ್ರಿಯೇಟ್" ಎಂಬ ದಾರಿ ಇದೆ. 2012ರಲ್ಲಿ ಬಂದದ್ದು. ಒಂದೊಂದಾಗಿ ಒಯ್ಯುವುದಕ್ಕಿಂತ ಬಹಳ ಬೇಗ. 500 ಅಥವಾ 1000 ಸಾಲಿನ ಕಂತು ಮಾಡಿಕೊಂಡರೆ ಮೆಮೊರಿಗೂ ಭಾರವಾಗದು. ಆದರೆ ಆ ದಾರಿಯಲ್ಲಿ ಹೋದರೆ, ಒಂದೊಂದು ಸಾಲನ್ನು ಉಳಿಸುವಾಗ ನಡೆಯಬೇಕಾದ ತಪಾಸಣೆಗಳು ನಡೆಯುವುದಿಲ್ಲ. ಅಂದ್ರ ಗೇಟಿನ ಕಾವಲುಗಾರ ನೋಡದೇ ಟ್ರ್ಯಾಲಿ ನೇರ ಒಳಗೆ ಹೋದ ಹಾಗೆ. ಹಾಳೆಯನ್ನು ಮೊದಲೇ ಬೇರೆಯಾಗಿ ಪರೀಕ್ಷೆ ಮಾಡಿ, ಆಮೇಲೆ ಆ ದಾರಿಯಲ್ಲಿ ಕಳಿಸಬೇಕು. ಕೆಟ್ಟ ಸಾಲುಗಳನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುವ ಒಂದು ಆಯ್ಕೆಯೂ ಅಲ್ಲಿ ಇದೆ. ನಮ್ಮ ಕೆಲಸಕ್ಕೆ ಅದು ಬೇಡವೇ ಬೇಡ. ಬಿಟ್ಟ ಸಾಲು ಅಂದ್ರ ಬಿಟ್ಟುಹೋದ ಒಬ್ಬ ತಾಯಿ. ಯಾವ ಸಾಲು ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂದು ಬರೆದಿಡುವ ಪಟ್ಟಿ ಇರಲೇಬೇಕು.

ಇನ್ನು ಹಾಳೆಯ ವಿಷಯ. ಎಕ್ಸೆಲ್ ಬಹಳ ಉಪಕಾರಿ, ಸ್ವಲ್ಪ ಹೆಚ್ಚೇ ಉಪಕಾರಿ. ನಾವು ಕೇಳದಿದ್ದರೂ ತಿದ್ದುತ್ತದೆ. ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾಗಿದ್ದರೆ ಆ ಸೊನ್ನೆಯನ್ನು ತಿಂದುಬಿಡುತ್ತದೆ. 12 ಅಂಕಿಯ ಆಧಾರ್ ಸಂಖ್ಯೆಯನ್ನು ಚುಕ್ಕೆ ಹಾಕಿ, ನಡುವೆ ಇಂಗ್ಲಿಷಿನ "ಇ" ಹಾಕಿ, ಕೊನೆಗೆ 11 ಅಂತ ತೋರಿಸುತ್ತದೆ. ಅದು 15 ಅಂಕಿವರೆಗೆ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆ 16 ಅಂಕಿ ಇರುತ್ತದೆ, ಆ ಹದಿನಾರನೆಯ ಅಂಕಿ ಏನೇ ಇದ್ದರೂ ಸೊನ್ನೆ ಮಾಡಿ ಇಡುತ್ತದೆ. 5-3 ಅಂತ ಬರೆದ ತಾರೀಖು ಮಾರ್ಚ್ 5 ಆಗಬಹುದು, ಮೇ 3 ಆಗಬಹುದು. ಇದಕ್ಕೆಲ್ಲ ಒಂದೇ ಮದ್ದು: ಅಂಕಿ ತುಂಬುವ ಮೊದಲೇ ಆ ಕಾಲಂ ಅನ್ನು "ಟೆಕ್ಸ್ಟ್" ಎಂದು ಮಾಡಿಕೊಳ್ಳಬೇಕು. ತುಂಬಿದ ಮೇಲೆ ಮಾಡಿದರೆ ಹೋದ ಅಂಕಿ ತಿರುಗಿ ಬರುವುದಿಲ್ಲ.

ಕನ್ನಡ ಅಕ್ಷರದ ಕಥೆ ಬೇರೆ. ಹಳೆಯ ನುಡಿ, ಬರಹದ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಹಾಗೇ ಏರಿಸಿದರೆ ಒಳಗೆ ಹೋಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಮೊದಲು ಯುನಿಕೋಡಿಗೆ ಬದಲಿಸಬೇಕು. ಫೈಲು ಉಳಿಸುವಾಗ "ಸಿಎಸ್‌ವಿ ಯುಟಿಎಫ್-8" ಅಂತ ಆರಿಸಬೇಕು. ಹೆಸರಿನ ಜಾಗದಲ್ಲಿ ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳು ಕಂಡರೆ ಗಾಬರಿ ಬೇಡ, ಓದುವ ರೀತಿ ತಪ್ಪಾಗಿದೆ, ಹೆಸರು ಸಾಮಾನ್ಯವಾಗಿ ಸಿಗುತ್ತದೆ. ಸಾಲುದ್ದ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ಮಾತ್ರ, ಬಹಳ ಮಾಡಿ ಅಲ್ಲಿ ಹೆಸರು ಕಳೆದುಹೋಗಿದೆ. ಪುಸ್ತಕ ತೆಗೆದು ಮತ್ತೆ ಬರೆಯಬೇಕು. ಅದಕ್ಕೇ ನಾವು ಹೇಳುವುದು, ಪುಸ್ತಕವನ್ನು ಅಟ್ಟಕ್ಕೆ ಎಸೆಯಬ್ಯಾಡ್ರಿ.

ನಮ್ಮ ಹೆಸರುಗಳೂ ಸುಮ್ಮನಿಲ್ಲ. ರೇಷನ್ ಕಾರ್ಡಿನಲ್ಲಿ ಲಕ್ಷ್ಮವ್ವ, ಆಧಾರಿನಲ್ಲಿ ಲಕ್ಷ್ಮೀಬಾಯಿ, ಸಂಘದಲ್ಲಿ ಲಕ್ಕವ್ವ. ಮನೆಯವರಿಗೆ ಮೂವರೂ ಒಬ್ಬಳೇ. ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ವರು ಇದ್ದರೆ ಅವರನ್ನು ಒಬ್ಬಳೇ ಅಂತ ಮಾಡಿಬಿಡುವುದೂ ಉಂಟು. ಆದ್ದರಿಂದ ಸದಸ್ಯೆಯನ್ನು ಗುರುತಿಸುವುದು ಹೆಸರಿನಿಂದ ಆಗಬಾರದು, ಸದಸ್ಯತ್ವದ ಸಂಖ್ಯೆಯಿಂದ ಆಗಬೇಕು. ಅಡ್ಡಹೆಸರಿನ ನಡುವೆ ಅಲ್ಪವಿರಾಮ ಹಾಕುವ ಅಭ್ಯಾಸ ಇದ್ದವರು ಅದನ್ನು ಬಿಡಿ. ಸಿಎಸ್‌ವಿ ಫೈಲಿನಲ್ಲಿ ಅಲ್ಪವಿರಾಮ ಅಂದ್ರ ಮುಂದಿನ ಕಾಲಮ್ಮಿಗೆ ಹೋಗು ಅಂತ ಅರ್ಥ. ಒಂದು ಚಿಹ್ನೆಯಿಂದ ಗಂಡನ ಹೆಸರಿನ ಜಾಗಕ್ಕೆ ಅಡ್ಡಹೆಸರು, ವಯಸ್ಸಿನ ಜಾಗಕ್ಕೆ ಗಂಡ ಹೋಗಿ ಕೂರುತ್ತಾನೆ.

ಊರು, ತಾಲೂಕು, ಬ್ಯಾಂಕು ಕೂಡ ಬದಲಾಗಿವೆ. ಬಾಗಲಕೋಟೆ ಜಿಲ್ಲೆ ವಿಜಾಪುರದಿಂದ ಬೇರೆಯಾದದ್ದು 1997ರಲ್ಲಿ. ಜಮಖಂಡಿ ತಾಲೂಕಿನಲ್ಲಿದ್ದ ಹಲವು ಊರುಗಳು 2018ರಲ್ಲಿ ಹೊಸ ರಬಕವಿ-ಬನಹಟ್ಟಿ ತಾಲೂಕಿಗೆ ಹೋದವು. ಹಳೆಯ ಪಟ್ಟಿಯಲ್ಲಿ ಹಳೆಯ ತಾಲೂಕೇ ಇದ್ದರೆ ಡೇಟಾಬೇಸು "ಈ ತಾಲೂಕಿನಲ್ಲಿ ಇಂಥ ಊರಿಲ್ಲ" ಅಂತ ಸಾಲನ್ನು ತಳ್ಳುತ್ತದೆ. ಏರಿಸುವುದಕ್ಕೂ ಒಂದು ಕ್ರಮ ಇದೆ: ಮೊದಲು ಊರು, ಆಮೇಲೆ ಸಂಘ, ಆಮೇಲೆ ಸದಸ್ಯೆ, ಕೊನೆಗೆ ಅವಳ ಸಾಲ. ಸಂಘವೇ ಒಳಗೆ ಇಲ್ಲದಾಗ ಸದಸ್ಯೆಯನ್ನು ಕಳಿಸಿದರೆ ಅವಳಿಗೆ ಕೂರಲು ಚಾಪೆ ಇಲ್ಲ. ಬ್ಯಾಂಕಿನ ಮಾತಿಗೆ ಬಂದರೆ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು, ಅದರ ಹಳೆಯ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ನಮ್ಮ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಇನ್ನೊಂದು ಗ್ರಾಮೀಣ ಬ್ಯಾಂಕಿನ ಜೊತೆ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಳೆಯ ಪಾಸ್‌ಬುಕ್ ನೋಡಿ ಕೋಡ್ ಬರೆಯುವುದಕ್ಕಿಂತ ಶಾಖೆಯಲ್ಲಿ ಒಂದು ಮಾತು ಕೇಳಿ ಬರೆಯುವುದು ಒಳ್ಳೆಯದು. ಆ ಕೋಡಿನಲ್ಲಿ 11 ಗುರುತುಗಳಿರುತ್ತವೆ. ಐದನೆಯದು ಸೊನ್ನೆ, ಇಂಗ್ಲಿಷಿನ "ಓ" ಅಲ್ಲ. ಎಷ್ಟೋ ಸಾಲುಗಳು ಇದೊಂದಕ್ಕೇ ವಾಪಸ್ ಬರುತ್ತವೆ.

ಇದುವರೆಗೆ ಹೇಳಿದ್ದರಲ್ಲಿ ಹೆಚ್ಚಿನ ತಪ್ಪುಗಳು ಏರಿಸುವಾಗಲೋ, ಏರಿಸಿದ ಕೂಡಲೇ ಪರದೆಯ ಮೇಲೋ ಕಣ್ಣಿಗೆ ಬೀಳುತ್ತವೆ. ಕಾಣದ ತಪ್ಪು ಒಂದಿದೆ, ನಾವು ಹೆಚ್ಚು ಹೆದರುವುದು ಅದಕ್ಕೆ. ಹಾಳೆಯಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೋಣ ಅಂತ ಒಬ್ಬರು ಹೆಸರಿನ ಕಾಲಂ ಮಾತ್ರ ಆರಿಸಿ ಜೋಡಿಸುತ್ತಾರೆ ಎಂದುಕೊಳ್ಳಿ. ಹೆಸರುಗಳು ಮೇಲೆ ಕೆಳಗೆ ಆಗುತ್ತವೆ, ಪಕ್ಕದ ಖಾತೆ ಸಂಖ್ಯೆಗಳು ಇದ್ದಲ್ಲೇ ಇರುತ್ತವೆ. ಈಗ ಪ್ರತಿಯೊಬ್ಬಳ ಹೆಸರಿನ ಮುಂದೆ ಇನ್ನೊಬ್ಬಳ ಖಾತೆ. ಏರಿಸಿದರೆ ಒಂದು ಸಾಲೂ ವಾಪಸ್ ಬರುವುದಿಲ್ಲ. ಖಾತೆ ಸಂಖ್ಯೆ ಸರಿ, ಕೋಡ್ ಸರಿ, ಹೆಸರು ಸರಿ. 300ಕ್ಕೆ 300 ಯಶಸ್ವಿ ಅಂತ ಹಸಿರು ಅಕ್ಷರ ಬರುತ್ತದೆ. ಹಣ ಮಾತ್ರ ಬೇರೆಯವರ ಮನೆಗೆ ಹೋಗುತ್ತದೆ. ಇದನ್ನು ಯಾವ ಫ್ರೇಮ್‌ವರ್ಕೂ ಹಿಡಿಯಲಾರದು, ಯಾಕಂದ್ರ ಅದಕ್ಕೆ ನಮ್ಮ ಮುಖ ಗೊತ್ತಿಲ್ಲ. ಹಿಡಿಯುವವರು ಸಭೆಯಲ್ಲಿ ಪಾಸ್‌ಬುಕ್ ಹಿಡಿದು ಕೂತ ನೀವು. ಕೆಲವು ಕಡೆ ಮೊದಲು ಒಂದು ರೂಪಾಯಿ ಕಳಿಸಿ ಖಾತೆದಾರರ ಹೆಸರು ತಾಳೆ ನೋಡುವ ಪದ್ಧತಿ ಇದೆ. ಅದು ಒಳ್ಳೆಯದು, ಕೇಳಿ ಮಾಡಿಸಿಕೊಳ್ಳಿ.

ಇದು ಹೊಸ ಬುದ್ಧಿಯೇನಲ್ಲ. ನಮ್ಮ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿದ "ಭೂಮಿ" ಯೋಜನೆ ನೆನಪು ಮಾಡಿಕೊಳ್ಳಿ. 1991ರಲ್ಲೇ ಗುಲ್ಬರ್ಗಾ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುವಾಗಿತ್ತು. ಕೆಲಸ ಪೂರ್ತಿ ಆದದ್ದು 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು! ಅಷ್ಟನ್ನೂ ತುಂಬಿದ ಮೇಲೆ ಕಂಪ್ಯೂಟರಿನ ಮಾತನ್ನೇ ನಂಬಿ ಕೂರಲಿಲ್ಲ. ತುಂಬಿದ್ದನ್ನು ಕಾಗದದ ಮೇಲೆ ಮುದ್ರಿಸಿ, ತಲಾಟಿಗಳ ಕೈಗೆ ಕೊಟ್ಟು, ಹಳೆಯ ಕೈಬರಹದ ಪಹಣಿ ಜೊತೆ ತಾಳೆ ನೋಡಿಸಿದರು. ಇಷ್ಟಾದರೂ ಕಾಲಂ 3ರ ಕ್ಷೇತ್ರಕ್ಕೂ ಕಾಲಂ 9ರ ಕ್ಷೇತ್ರಕ್ಕೂ ತಾಳೆಯಾಗದ ಉತಾರಗಳು ಉಳಿದವು. ಅವನ್ನು ತಿದ್ದಲು ಕಂದಾಯ ಅದಾಲತ್ ನಡೆಸಬೇಕಾಯಿತು. ಅಂಥ ಉತಾರ ಹಿಡಿದು ತಹಶೀಲ್ದಾರ ಕಚೇರಿಗೆ ಓಡಾಡಿದವರು ಇಲ್ಲಿಯೂ ಇದ್ದೀರಿ. ತುಂಬುವಾಗ ಒಂದು ನಿಮಿಷದಲ್ಲಿ ಸರಿಯಾಗುವುದು ಆಮೇಲೆ ವರ್ಷ ತಿನ್ನುತ್ತದೆ.

ಇನ್ನೂ ಹತ್ತಿರದ್ದು ಹೇಳಬೇಕೆಂದರೆ 2019ರ ಆಗಸ್ಟಿನ ಹೊಳಿ. ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವರ್ಗ ಮಾಡಿ ಕಂಪ್ಯೂಟರಿಗೆ ಏರಿಸಿದರು. ಎ ವರ್ಗಕ್ಕೆ 5 ಲಕ್ಷ ರೂಪಾಯಿ, ಸಿ ವರ್ಗಕ್ಕೆ 50 ಸಾವಿರ. ಒಂದು ಕಾಲಮ್ಮಿನಲ್ಲಿ ಒಂದೇ ಅಕ್ಷರ! ಆ ಅಕ್ಷರದ ಬೆಲೆ ನಾಲ್ಕೂವರೆ ಲಕ್ಷ. ಹೊಳೆದಂಡೆಯಲ್ಲಿರುವ ನಿಮಗೆ ಇದಕ್ಕಿಂತ ಹೆಚ್ಚು ನಾವು ಹೇಳಬೇಕಾಗಿಲ್ಲ.

ಹಾಗಾದರೆ ತಾಳೆ ನೋಡುವುದು ಹೇಗೆ? ಪಟ್ಟಿ ಹೋಗುವ ಮೊದಲು ಎರಡು ಅಂಕಿಯನ್ನು ನಡಾವಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ಸದಸ್ಯೆಯರು, ಒಟ್ಟು ಉಳಿತಾಯ ಎಷ್ಟು. 15 ಜನರ ಸಂಘ, ವಾರಕ್ಕೆ 50 ರೂಪಾಯಿ, 52 ವಾರ ಎಂದರೆ 39,000 ರೂಪಾಯಿ. ಏರಿದ ಮೇಲೆ ಕಂಪ್ಯೂಟರ್ 36,400 ತೋರಿಸಿದರೆ ವ್ಯತ್ಯಾಸ 2,600. ಅದು ಸರಿಯಾಗಿ ಒಬ್ಬಳ ವರ್ಷದ ಉಳಿತಾಯ, ಅಂದ್ರ ಒಬ್ಬಳು ಬಿದ್ದಿದ್ದಾಳೆ. 41,600 ತೋರಿಸಿದರೆ ಒಬ್ಬಳು ಎರಡು ಸಲ ಹೋಗಿದ್ದಾಳೆ. ವ್ಯತ್ಯಾಸವೇ ತಪ್ಪಿನ ಜಾಡು ಹೇಳುತ್ತದೆ. ಈ ಒಟ್ಟು ಮೊತ್ತ ನೋಡಿಯೇ ಬ್ಯಾಂಕಿನವರು ಸಾಲದ ಮಿತಿ ಹಾಕುತ್ತಾರೆ, ಒಬ್ಬಳು ಬಿದ್ದರೆ ಇಡೀ ಸಂಘದ ಸಾಲ ಕಡಿಮೆಯಾಗುತ್ತದೆ.

ಆಮೇಲೆ ಮುದ್ರಿಸಿದ ಪ್ರತಿ ಕೇಳಿ ಪಡೆದು, ವಾರದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ತಮ್ಮ ತಮ್ಮ ಪಾಸ್‌ಬುಕ್ ನೋಡಬೇಕು. ಓದು ಬಾರದ ತಾಯಂದಿರಿಗೆ ಪಕ್ಕದವರು ನೋಡಿ ಹೇಳಲಿ. ಆಧಾರಿನ ಕೊನೆಯ ನಾಲ್ಕು ಅಂಕಿ ಓದಿದರೆ ಸಾಕು. ಪೂರ್ತಿ ಪಟ್ಟಿಯನ್ನು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ, ಅದು ಕಳ್ಳರಿಗೆ ಬಾಗಿಲು ತೆಗೆದಿಟ್ಟ ಹಾಗೆ. ತಾಳೆಯಾದ ಮೇಲೆ ಸಹಿ. ಮೊದಲು ಸಹಿ, ಆಮೇಲೆ ಪ್ರಿಂಟು ಅಂತ ಯಾರಾದರೂ ಹೇಳಿದರೆ "ಇಲ್ರಿ, ಓದಿ ಮಾಡ್ತೀವಿ" ಅನ್ನಿ.

ಏರಿಸುವವರಿಗೂ ಒಂದು ಕೋರಿಕೆ. 300 ಹೆಸರನ್ನು ಮೊದಲ ಸಲಕ್ಕೇ ಕಳಿಸಬೇಡಿ. ಹತ್ತು ಹೆಸರಿನ ಒಂದು ಚಿಕ್ಕ ಹಾಳೆ ಮಾಡಿ, ಕಳಿಸಿ, ಒಳಗೆ ಹೇಗೆ ಕಾಣುತ್ತದೆ ನೋಡಿ. ಅನ್ನ ಬೆಂದಿದೆಯೋ ಇಲ್ಲವೋ ಒಂದು ಅಗುಳು ಹಿಚುಕಿ ನೋಡುತ್ತೀವಲ್ಲ, ಅಷ್ಟೇ. ಆ ಹತ್ತರಲ್ಲಿ ಉದ್ದ ಹೆಸರಿನವರು, ಸೊನ್ನೆಯಿಂದ ಶುರುವಾಗುವ ಖಾತೆಯವರು, ಗಂಡನಿಲ್ಲದವರು ಇರಲಿ. ಗಂಡನ ಹೆಸರು ಕಡ್ಡಾಯ ಅಂತ ಮಾಡಿದ ಹಾಳೆಗಳಲ್ಲಿ ವಿಧವೆಯರ ಸಾಲುಗಳೇ ಮೊದಲು ಬೀಳುವುದು. ಆ ಕಾಲಂ ಖಾಲಿ ಬಿಡಲು ಬಾರದಿದ್ದರೆ ತಂದೆಯ ಹೆಸರು ಹಾಕಲು ಅವಕಾಶ ಇದೆಯೇ ಎಂದು ಮೊದಲೇ ವಿಚಾರಿಸಿ.

ಸಭೆಯಲ್ಲಿ ಕೊನೆಗೆ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಬರೆದಿದ್ದೇವೆ. ತೀರಿಕೊಂಡ ಸದಸ್ಯೆಯ ಹೆಸರನ್ನು ಹಾಳೆಯಿಂದ ತೆಗೆದು ಏರಿಸಬಹುದೇ ಎಂದು ಒಬ್ಬ ಅಕ್ಕ ಕೇಳಿದರು. ಬೇಡ. ತೆಗೆದರೆ ಅವರ ಉಳಿತಾಯವೂ ಹೋಗಿ ಹಳೆಯ ಲೆಕ್ಕ ತಾಳೆಯಾಗುವುದಿಲ್ಲ, ಮನೆಯವರಿಗೆ ಕೊಡಬೇಕಾದ ಹಣಕ್ಕೆ ಆಧಾರ ಇರುವುದಿಲ್ಲ. ಹೆಸರು ಇರಲಿ, ಸದಸ್ಯತ್ವ ಮುಗಿದ ತಾರೀಖು ಪಕ್ಕದಲ್ಲಿ ಬರಲಿ. ಪ್ರಿಂಟಿನ ಖರ್ಚು ಯಾರದು ಎಂಬುದು ಇನ್ನೊಂದು ಪ್ರಶ್ನೆ. ಎರಡು ಮೂರು ಹಾಳೆಯ ಖರ್ಚು, ಸಂಘದ ಸ್ಟೇಷನರಿ ಲೆಕ್ಕದಲ್ಲಿ ಬರೆಯಬಹುದು. ಠರಾವು ಮಾಡಿಕೊಂಡರೆ ಸಾಕು.